ಬಾಗಿಲ ಕಡೆ, ಕಿಟಕಿ ಕಡೆ

ಎರಡು ಶಾಲೆಗಳ ನಡುವಿನ ಗೋಡೆ ಒಡೆದು ಬಾಗಿಲು ಇಟ್ಟ ದಿನದಿಂದಲೇ ಗಣಿತದ ಮೇಡಂಗೆ ನಿದ್ದೆ ಸರಿಯಾಗಿ ಹತ್ತುತ್ತಿರಲಿಲ್ಲ.

ಆಚೆ ಗಂಡುಮಕ್ಕಳ ಶಾಲೆ, ಈಚೆ ಹೆಣ್ಣುಮಕ್ಕಳ ಶಾಲೆ. ಒಂದೇ ಆಡಳಿತ ಮಂಡಳಿ, ಒಂದೇ ಗಂಟೆ, ನಡುವೆ ಆಳೆತ್ತರದ ಗೋಡೆ. ಈಗ ಮಂಡಳಿಯವರಿಗೆ ಎರಡನ್ನೂ ಸೇರಿಸುವ ಯೋಚನೆ ಬಂದಿತ್ತು. ಮೊದಲು ಎಂಟನೇ ತರಗತಿಯ ಒಂದು ವಿಭಾಗವನ್ನು ಕೂಡಿಸಿ ಒಂದು ಟರ್ಮ್ ನೋಡೋಣ, ಆಮೇಲೆ ಪೋಷಕರ ಸಭೆ ಕರೆದು ತೀರ್ಮಾನ ಮಾಡೋಣ ಎಂದಿದ್ದರು. 'ನೋಡೋಣ' ಎನ್ನುವವರೆಲ್ಲ ಆಗಲೇ ತೀರ್ಮಾನ ಮಾಡಿಕೊಂಡಿರುತ್ತಾರೆ ಎನ್ನುವುದು ಅವಳ ಅನುಭವ.

ಅನುಮಾನ ಅವಳ ಹುಟ್ಟುಗುಣ. ಮಕ್ಕಳು ಅವಳಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದರು. ಮನೆಯಲ್ಲಿ ಅಕ್ಕ, "ನಿನಗೆ ಹಾಲು ಕೊಟ್ಟರೂ ಸುಣ್ಣದ ನೀರಾ ಅಂತ ಮೂಸಿ ನೋಡ್ತೀಯ ಕಣೇ, ನಿನ್ನ ಯಾರು ಕಟ್ಕೋತಾರೆ?" ಎನ್ನುತ್ತಿದ್ದಳು. ಕಟ್ಟಿಕೊಳ್ಳಲು ಬಂದವರನ್ನೂ ಅವಳು ಮೂಸಿ ನೋಡಿಯೇ ಕಳಿಸಿದ್ದಳು.

ಮೊದಲ ದಿನ ಬೆಳಿಗ್ಗೆ, ಕೂಡಿದ ತರಗತಿಗೆಂದು ಬಿಟ್ಟುಕೊಟ್ಟಿದ್ದ ತಮ್ಮ ಶಾಲೆಯ ಡ್ರಾಯಿಂಗ್ ಹಾಲ್‌ಗೆ ಹೋದರೆ, ಗೋಡೆಯಾಚೆಯಿಂದ ಬಂದ ವಿಜ್ಞಾನದ ಮೇಷ್ಟ್ರು ಟೀಚರ್ ಮೇಜನ್ನು ದರದರ ಎಳೆಯುತ್ತಿದ್ದ. ತೋಳು ಮಡಚಿದ ನೀಲಿ ಶರ್ಟು, ಕೆದರಿದ ತಲೆ, ಬಡಕಲೂ ಅಲ್ಲದ ದಪ್ಪವೂ ಅಲ್ಲದ ಮೈಕಟ್ಟು. ನೋಡಲು ಚೆನ್ನಾಗಿಯೇ ಇದ್ದ. ಅದೂ ಅನುಮಾನಕ್ಕೆ ಒಂದು ಕಾರಣವಾಯಿತು.

"ಏನ್ ಮಾಡ್ತಿದ್ದೀರಿ?" ಎಂದಳು ಬಾಗಿಲಲ್ಲಿ ನಿಂತು.

ಮೇಜು ಇನ್ನೊಂದು ಗೇಣು ಸರಿಯಿತು.

"ಸರ್! ಏನ್ ಮಾಡ್ತಿದ್ದೀರಿ ಅಂದೆ!"

ಅವನು ಬೆಚ್ಚಿ ತಿರುಗಿದ. "ಓ, ಗಣಿತದ ಮೇಡಂ ನೀವೇನಾ? ಮೇಜು ಸ್ವಲ್ಪ ಬಾಗಿಲ ಕಡೆ ಹಾಕೋಣ ಅಂತ. ನನಗೆ ಮೂಲೆಯಲ್ಲಿ ನಿಂತು ಪಾಠ ಮಾಡಿ ಅಭ್ಯಾಸ."

"ಬಾಗಿಲಿಗೆ ಅಡ್ಡ ಆಗುತ್ತೆ. ನಮ್ಮ ಶಾಲೆಯ ಮೇಜು ನಡುವೆಯೇ ಇರುತ್ತೆ."

"ಮೇಜಿನಲ್ಲೂ ಹೆಣ್ಣು ಗಂಡು ಇದೆಯಾ ಮೇಡಂ?"

ನಗು ಬಂತು. ನುಂಗಿಕೊಂಡು, "ನಡುವೆ," ಎಂದಳು. ಅವನು ಬಾಗಿಲ ಮೂಲೆಯನ್ನೊಮ್ಮೆ ನೋಡಿ, ಮೇಜನ್ನು ಮತ್ತೆ ನಡುವೆ ತಳ್ಳಿದ. ಮೊದಲ ದಿನವೇ ಗೆದ್ದೆ ಎಂದುಕೊಂಡಳು.

ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಅವರೇ ಬಂದು ಮಕ್ಕಳನ್ನು ಕೂರಿಸಿದರು. "ಹುಡುಗಿಯರು ಬಾಗಿಲ ಕಡೆ, ಹುಡುಗರು ಕಿಟಕಿ ಕಡೆ. ನಡುವೆ ನಾನು ಓಡಾಡುವಷ್ಟು ಜಾಗ ಇರಲಿ." ದೊಡ್ಡ ಮೇಡಂ ಹೆಸರಿಗೆ ತಕ್ಕ ಹಾಗೆ ದೊಡ್ಡದಾಗಿಯೇ ಇದ್ದರು. ಹಾಗಾಗಿ ಜಾಗವೂ ದೊಡ್ಡದಾಯಿತು.

ಇನ್ನೊಂದು ಕಟ್ಟಳೆ. ಒಂದು ಶಾಲೆಯವರು ಪಾಠ ಮಾಡುವಾಗ ಇನ್ನೊಂದು ಶಾಲೆಯವರು ಹಿಂದೆ ಕೂತು ನೋಡಬೇಕು. ಅವಳ ಗಣಿತಕ್ಕೆ ಅವನು, ಅವನ ವಿಜ್ಞಾನಕ್ಕೆ ಅವಳು. ಇದರ ಅರ್ಥ ದೊಡ್ಡ ಮೇಡಂ ಅವಳ ಕಿವಿಯಲ್ಲಿ ಬಿಡಿಸಿ ಹೇಳಿದರು. "ಸೇರಿಸೋದು ಬೇಡ ಅಂತ ಸಭೆಯಲ್ಲಿ ನಮ್ಮ ಪರ ಮಾತಾಡೋಳು ನೀನೇ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡು. ನಮ್ಮ ಹುಡುಗಿಯರಿಗೆ ಒಂದು ಸಣ್ಣ ಅನ್ಯಾಯ ಆದರೂ ನನಗೆ ಬೇಕು."

ಅದನ್ನು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಅವಳು ಓದಿದ್ದು ಹುಡುಗ ಹುಡುಗಿಯರು ಒಟ್ಟಿಗೆ ಕೂರುವ ಶಾಲೆಯಲ್ಲಿ. ಒಮ್ಮೆ ತಪ್ಪು ಉತ್ತರ ಹೇಳಿದಾಗ ಹಿಂದಿನ ಬೆಂಚಿನಿಂದ ಎದ್ದ ನಗುವಿಗೆ ಬಾಯಿ ಮುಚ್ಚಿದವಳು, ಹೆಣ್ಣುಮಕ್ಕಳ ಕಾಲೇಜು ಸೇರುವ ತನಕ ತೆರೆಯಲೇ ಇಲ್ಲ. ಅದಕ್ಕೇ ತನ್ನ ತರಗತಿಯಲ್ಲಿ ಒಂದು ಪದ್ಧತಿ ಇಟ್ಟಿದ್ದಳು. ಉತ್ತರ ಗೊತ್ತಿದ್ದವರು ಕೂಗುವಂತಿಲ್ಲ. ಸುಮ್ಮನೆ ಪೆನ್ಸಿಲ್ ಎತ್ತಬೇಕು. ಅವಳು ಕಿಟಕಿಯ ತನಕ ನಡೆದು ವಾಪಸ್ಸು ಬರುವಷ್ಟರಲ್ಲಿ ನಿಧಾನದ ಹುಡುಗಿಯರ ಪೆನ್ಸಿಲ್ಲುಗಳೂ ಎದ್ದಿರುತ್ತಿದ್ದವು. ಗೋಡೆಯಾಚೆ ಹಾಗಲ್ಲ. ಅಲ್ಲಿ ಮೊದಲು ಕೂಗಿದವನದೇ ಉತ್ತರ.

ಈ ಎರಡು ಪದ್ಧತಿ ಒಂದೇ ಕೋಣೆಗೆ ಬಂದರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹಾಗೇ ಆಯಿತು.

ಅವನು ಕನ್ನಡಿಯ ಪಾಠ ಮಾಡುತ್ತಿದ್ದ. ಚೆನ್ನಾಗಿಯೇ ಮಾಡುತ್ತಿದ್ದ, ಒಪ್ಪಿಕೊಳ್ಳಲು ಅವಳಿಗೆ ಹೊಟ್ಟೆ ಉರಿಯಿತು. "ಕನ್ನಡಿ ಮುಂದೆ ನಿಂತು ಬಲಗೈಯಲ್ಲಿ ತಲೆ ಬಾಚಿದರೆ, ಒಳಗಿರೋನು ಯಾವ ಕೈಯಲ್ಲಿ ಬಾಚ್ತಾನೆ?"

ಬಾಗಿಲ ಕಡೆ ಪೆನ್ಸಿಲ್ಲುಗಳು ಎದ್ದವು. ಮೊದಲ ಬೆಂಚಿನ ಪುಟ್ಟ ಹುಡುಗಿ, ಎಲ್ಲರೂ ಗುಬ್ಬಿ ಎಂದು ಕರೆಯುವವಳು, ಧೈರ್ಯ ಮಾಡಿ ಮೆಲ್ಲಗೆ ಉತ್ತರವನ್ನೂ ಹೇಳಿದಳು. ಅವನು ಕೈಯಲ್ಲಿದ್ದ ಕನ್ನಡಿ ಒರೆಸುತ್ತಲೇ ಇದ್ದ. ಕಿಟಕಿ ಕಡೆಯಿಂದ ಏಣಿ ಎಂಬ ಅಡ್ಡಹೆಸರಿನ ಉದ್ದನೆಯ ಹುಡುಗ, "ಎಡಗೈ ಸರ್!" ಎಂದು ಕೂಗಿದ.

"ಭೇಷ್!" ಎಂದ ಅವನು.

ಗುಬ್ಬಿಯ ಪೆನ್ಸಿಲ್ಲು ಕೆಳಗಿಳಿಯಿತು. ಹಿಂದಿನ ಬೆಂಚಿನಲ್ಲಿ ಕೂತ ಭೂತಗನ್ನಡಿಗೆ ಮೈಯೆಲ್ಲ ಉರಿ. ಅಲ್ಲಿಂದ ಮುಂದೆ ಪ್ರತಿ ಪಾಠದಲ್ಲೂ ಇದೇ ಕಂಡಿತು. ಅವಳ ಪಾಠಕ್ಕೆ ಹಿಂದೆ ಕೂರಲು ಬಂದಾಗಲೂ ಅವನು ನೇರವಾಗಿ ಹೋಗಿ ಕಿಟಕಿ ಮೂಲೆ ಸೇರುತ್ತಿದ್ದ, ಹುಡುಗರ ನಡುವೆ. ಹುಡುಗಿಯರ ಕಡೆ ಒಂದು ದಿನವೂ ಕೂರಲಿಲ್ಲ.

ಇದಿಷ್ಟೇ ಆಗಿದ್ದರೆ ಅವನನ್ನು ದ್ವೇಷಿಸುವುದು ಸುಲಭವಿತ್ತು. ತೊಂದರೆ ಶುರುವಾದದ್ದು ಸ್ಟಾಫ್ ರೂಮಿನಲ್ಲಿ.

"ನೀವು ಮಕ್ಕಳನ್ನ ಕೂಡಿಸೋದರ ಪರ, ಅಲ್ವಾ?" ಎಂದು ಕೇಳಿದ್ದಳು ಒಂದು ಮಧ್ಯಾಹ್ನ, ಬಾಯಿ ಬಿಡಿಸಲು.

"ಪರ. ನಾನು ಪೂರ್ತಿ ಗಂಡುಮಕ್ಕಳ ಶಾಲೆಯಲ್ಲೇ ಓದಿದೋನು ಮೇಡಂ. ಹುಡುಗಿಯರು ಅಂದ್ರೆ ಬೇರೆ ಗ್ರಹದಿಂದ ಬಂದೋರು ಅನ್ಕೊಂಡಿದ್ದೆ. ಒಬ್ಬಳ ಹತ್ರ ಟೈಮ್ ಎಷ್ಟು ಅಂತ ಕೇಳೋಕೂ ಕಾಲು ನಡುಗೋದು."

"ಈಗ?"

"ಈಗ ವಾಚ್ ಕಟ್ಕೊಂಡಿದೀನಿ."

ಈ ಸಲ ನಗು ನುಂಗಲು ಆಗಲಿಲ್ಲ. ಕಾಫಿ ನೆತ್ತಿಗೇರಿತು. ಅವನು ನೀರಿನ ಲೋಟ ಮುಂದೆ ಇಟ್ಟು ಅವಳನ್ನೇ ನೋಡುತ್ತ ಕೂತ. ನೋಟ ಕಣ್ಣಿನ ಮೇಲಲ್ಲ, ತುಟಿಯ ಮೇಲೆ. ಅವಳು ಮಾತಾಡುವಾಗಲೆಲ್ಲ ಅವನ ಕಣ್ಣು ಅಲ್ಲೇ ಇರುತ್ತಿತ್ತು. ಲಕ್ಷಣ ಒಳ್ಳೆಯದಲ್ಲ ಎಂದುಕೊಂಡಳು. ಮಾರನೆಯ ದಿನ ಮನೆಯಿಂದ ಹೊರಡುವ ಮುನ್ನ ಅವಳೇ ಕನ್ನಡಿಯಲ್ಲಿ ತನ್ನ ತುಟಿಯನ್ನು ಒಮ್ಮೆ ನೋಡಿಕೊಂಡಳು. ಅದನ್ನು ಅಕ್ಕ ನೋಡಿದಳು.

"ಯಾರೇ ಅವನು?"

"ಯಾರೂ ಇಲ್ಲ. ಪತ್ತೇದಾರಿ ಮಾಡ್ತಿದ್ದೀನಿ."

"ಲಿಪ್‌ಸ್ಟಿಕ್ ಹಾಕ್ಕೊಂಡಾ?"

ಸಂಜೆ ಇಬ್ಬರದೂ ಒಂದೇ ಬಸ್ ಸ್ಟಾಪು. ಜೊತೆಯಲ್ಲಿ ನಡೆಯುವಾಗ ಅವನದೊಂದು ವಿಚಿತ್ರ ಚಾಳಿ. ಅವಳು ಅಂಗಡಿಗಳ ಕಡೆ ನಡೆಯುತ್ತಿದ್ದರೆ ಹಿಂದಿನಿಂದ ಸುತ್ತಿ ಬಂದು ತಾನು ಆ ಕಡೆ ಸೇರಿಕೊಳ್ಳುತ್ತಿದ್ದ. ಅವಳು ರಸ್ತೆಯ ಕಡೆ ಆಗುತ್ತಿದ್ದಳು.

"ಗಂಡಸರು ರಸ್ತೆ ಕಡೆ ನಡೀತಾರೆ, ಹೆಂಗಸರಿಗೆ ಗಾಡಿ ತಾಗದಿರಲಿ ಅಂತ. ನೀವು ನನ್ನನ್ನೇ ಗಾಡಿಗೆ ಕೊಡ್ತಿದ್ದೀರಲ್ಲ?"

ಅವನು ಕೆಂಪಗಾದ. "ಹಾಗಲ್ಲ... ನೀವು ಸಮಾನತೆ ಕೇಳೋರು ಅಂತ ಅನ್ಕೊಂಡೆ."

ಉತ್ತರ ಜಾಣತನದ್ದೇ. ಆದರೆ ಕೆಂಪಗಾದದ್ದು ಯಾಕೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು. ಏನೋ ಮುಚ್ಚಿಡುತ್ತಿದ್ದಾನೆ. ಊರಲ್ಲಿ ಹೆಂಡತಿ ಮಕ್ಕಳಿದ್ದಾರೋ, ಮಂಡಳಿಯವರ ಬೇಹುಗಾರನೋ? ಅಷ್ಟು ಅನುಮಾನದ ನಡುವೆಯೂ ಸಂಜೆಯ ಗಂಟೆ ಹೊಡೆದರೆ ಅವಳ ಕೈ ತಾನಾಗಿ ಬ್ಯಾಗಿನ ಕಡೆ ಹೋಗುತ್ತಿತ್ತು. ಅವನ ಚಪ್ಪಲಿಯ ಸದ್ದು ಕಾರಿಡಾರಿನಲ್ಲಿ ಕೇಳಿದರೆ ಎದೆಯಲ್ಲಿ ಏನೋ ಹಗುರಾಗುತ್ತಿತ್ತು. ಮನಸ್ಸೂ ತನಗೆ ಮೋಸ ಮಾಡುತ್ತಿದೆ ಎಂದು ಅವಳು ಅದರ ಮೇಲೂ ಒಂದು ಕಣ್ಣಿಟ್ಟಳು.

ಕೊನೆಗೆ ಒಂದು ಸಂಜೆ ಸೋತಳು. ಸ್ಟಾಪಿನ ಬೆಂಚಿನ ಒಂದು ತುದಿಯಲ್ಲಿ ಚೀಲ ಇಟ್ಟುಕೊಂಡು ಒಬ್ಬ ಅಜ್ಜ ಕೂತಿದ್ದ. ಅವನ ಪಕ್ಕ ಮೇಷ್ಟ್ರು. ಅವಳಿಗೆ ಸಿಕ್ಕಿದ್ದು ಮೇಷ್ಟ್ರ ಈಚೆಯ ಜಾಗ. ಗಾಡಿಗಳ ಗದ್ದಲ. ಅವಳು ಬ್ಯಾಗಿನ ಜಿಪ್ಪು ಎಳೆಯುತ್ತ, ಮುಖ ನೋಡದೆ, "ಭಾನುವಾರ ಬಿಡುವಿದ್ದರೆ ಎಲ್ಲಾದರೂ ಕೂತು ಕಾಫಿ ಕುಡಿಯೋಣವಾ? ಶಾಲೆ ವಿಷಯ ಬೇಡ. ಸುಮ್ಮನೆ," ಎಂದಳು.

ಹೆಣ್ಣೊಬ್ಬಳು ಇಷ್ಟು ಹೇಳಬೇಕಾದರೆ ಎಷ್ಟು ದಿನದ ತಯಾರಿ ಬೇಕು ಎಂದು ಹೇಳಿಸಿಕೊಂಡವರಿಗೆ ಗೊತ್ತಾಗುವುದಿಲ್ಲ. ಅವನು ರಸ್ತೆಯ ತುದಿಯನ್ನೇ ನೋಡುತ್ತಿದ್ದ. ವಾಚು ನೋಡಿಕೊಂಡು, ಏನೂ ಆಗದವನಂತೆ, "ಇವತ್ತು ಬಸ್ ಲೇಟು," ಎಂದ.

ಅವಳ ಮುಖಕ್ಕೆ ರಕ್ತ ನುಗ್ಗಿತು. ಹುಡುಗಿಯರ ಮಾತು ತರಗತಿಯಲ್ಲೂ ಕೇಳಿಸದು, ಬೆಂಚಿನ ಮೇಲೂ ಕೇಳಿಸದು. ಎದ್ದು, ಬಂದ ಆಟೋ ಹತ್ತಿದಳು. ಹಿಂದಿನಿಂದ "ಮೇಡಂ, ಯಾಕೆ?" ಎಂದು ಕೇಳಿಸಿತು. ಈಗ ಅವಳೂ ಕೇಳಿಸಿಕೊಳ್ಳಲಿಲ್ಲ.

ಆಮೇಲೆ ಅವಳು ಅವನ ಜೊತೆ ನಡೆಯಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ಸಾಕ್ಷಿ ಕೂಡಿಸುವುದೊಂದೇ ಕೆಲಸವಾಯಿತು. ಹೊಸದೊಂದು ಸಂಗತಿ ಕಣ್ಣಿಗೆ ಬಿತ್ತು. ಹುಡುಗಿಯರು ಈಗ ಪೆನ್ಸಿಲ್ ಎತ್ತುತ್ತಲೇ ಇರಲಿಲ್ಲ. ಅವನು ಬೋರ್ಡಿನ ಕಡೆ ತಿರುಗಿ ಬರೆಯಲು ಶುರು ಮಾಡಿದ ಮೇಲೆ ಮಾತ್ರ ಬಾಯಿ ಬಿಡುತ್ತಿದ್ದರು. ಆಶ್ಚರ್ಯವೆಂದರೆ ಆಗ ಅವನು, "ಸರಿ, ಗುಬ್ಬಿ ಹೇಳಿದ್ದು ಸರಿ," ಎನ್ನುತ್ತಿದ್ದ. ಎದುರಿಗೆ ಹೇಳಿದರೆ ಇಲ್ಲ, ಬೆನ್ನಿಗೆ ಹೇಳಿದರೆ ಉಂಟು.

ಗುಬ್ಬಿಯನ್ನು ಕರೆದು ಕೇಳಿದಳು. "ಸರ್ ತಿರುಗಿ ನಿಂತಾಗ ಮಾತ್ರ ಯಾಕೆ ಹೇಳ್ತೀರಿ?"

"ಆಗಲೇ ಅವರು ತಗೊಳ್ಳೋದು ಮೇಡಂ. ನಮ್ಮ ಕಡೆ ತಿರುಗಿ ನಿಂತಿದ್ರೆ ತಗೊಳ್ಳಲ್ಲ."

ಮಗು ಯಾವ ದೂರೂ ಇಲ್ಲದೆ ಹೇಳಿತು. ಎರಡು ತಿಂಗಳಲ್ಲಿ ಈ ಮಕ್ಕಳು ಗಂಡಸಿನ ಬೆನ್ನಿಗೆ ಮಾತಾಡುವುದನ್ನು ಕಲಿತುಬಿಟ್ಟಿದ್ದಾರೆ. ಸಭೆಯಲ್ಲಿ ಇದೊಂದು ಮಾತು ಹೇಳಿದರೆ ಸಾಕು. ಗೋಡೆಯ ಬಾಗಿಲಿಗೆ ಇಟ್ಟಿಗೆ ಬೀಳುತ್ತದೆ, ಅವಳ ಹುಡುಗಿಯರ ತರಗತಿ ಅವಳಿಗೆ ಉಳಿಯುತ್ತದೆ. ಅವನ ಕೆಲಸವೂ ಹೋಗುತ್ತದೆ. ಹೋಗಲಿ.

ದೊಡ್ಡ ಮೇಡಂಗೆ ಹೇಳಿದಾಗ ಅವರ ಮುಖ ಅರಳಿತು. "ಇದನ್ನೇ ಹೇಳು. ಒಂದಕ್ಷರ ಬಿಡಬೇಡ." ಅವರಿಗೆ ಅಷ್ಟು ಖುಷಿಯಾದದ್ದು ಅವಳಿಗೆ ಯಾಕೋ ಹಿಡಿಸಲಿಲ್ಲ.

ಸಭೆಯ ದಿನ ಮಧ್ಯಾಹ್ನ, ಮಕ್ಕಳೆಲ್ಲ ಹೋದ ಮೇಲೆ, ಪೋಷಕರಿಗೆ ತೋರಿಸಲು ಬೋರ್ಡಿನ ಮೇಲೆ ಕೋಣೆಯ ಚಿತ್ರ ಬರೆದಳು. ಗಣಿತದವಳು; ಚಿತ್ರವಿಲ್ಲದೆ ವಾದ ಮಾಡಿ ಅಭ್ಯಾಸವಿಲ್ಲ. ಬಾಗಿಲ ಕಡೆಯ ಬೆಂಚುಗಳು, ಕಿಟಕಿ ಕಡೆಯ ಬೆಂಚುಗಳು, ನಡುವೆ ಮೇಜು, ಮೇಜಿನ ಹಿಂದೆ ಅವನು ಎಂದು ಒಂದು ಸೊನ್ನೆ. ಅವನು ಮಕ್ಕಳ ಕಡೆ ಮುಖ ಮಾಡಿದಾಗ ಯಾರ ಉತ್ತರ ಹೋಗಲಿಲ್ಲವೋ ಅಲ್ಲಿ ಅಡ್ಡಗೆರೆ ಎಳೆದಳು. ಬಾಗಿಲ ಕಡೆಯೆಲ್ಲ ಅಡ್ಡಗೆರೆ. ಇನ್ನೊಂದು ಚಿತ್ರ: ಅವನು ಬೋರ್ಡಿನ ಕಡೆ ತಿರುಗಿದಾಗ. ಬಾಗಿಲ ಕಡೆ ಗೆರೆ ಇಲ್ಲ. ಕಿಟಕಿ ಕಡೆ?

ಸೀಮೆಸುಣ್ಣ ನಿಂತಿತು.

ಮೊನ್ನೆ ಅವನು ಬರೆಯುತ್ತಿದ್ದಾಗ ಏಣಿ ಕಿಟಕಿ ಕಡೆಯಿಂದ "ಸರ್, ಸರ್" ಎಂದು ಗಂಟಲು ಹರಿದುಕೊಂಡಿದ್ದ. ಅವನು ತಿರುಗಿರಲಿಲ್ಲ. ಹುಡುಗರೆಲ್ಲ ನಕ್ಕಿದ್ದರು. ಅವಳೂ ನೋಡಿದ್ದಳು, ನೋಡಿಯೂ ಬಿಟ್ಟಿದ್ದಳು, ಹುಡುಗರ ಗೊಡವೆ ತನಗ್ಯಾಕೆ ಎಂದು. ಎರಡನೇ ಚಿತ್ರದಲ್ಲಿ ಕಿಟಕಿ ಕಡೆಗೆ ಅಡ್ಡಗೆರೆ ಎಳೆದಳು.

ಮನುಷ್ಯ ತಿರುಗಿದರೆ ಏನು ಬದಲಾಗುತ್ತದೆ? ಎಡ ಹೋಗಿ ಬಲವಾಗುತ್ತದೆ. ಅವಳು ಮೇಜಿನ ಹಿಂದೆ ಹೋಗಿ ನಿಂತಳು. ಮಕ್ಕಳ ಕಡೆ ಮುಖ ಮಾಡಿದಳು: ಬಾಗಿಲು ಎಡಕ್ಕೆ. ಬೋರ್ಡಿನ ಕಡೆ ತಿರುಗಿದಳು: ಕಿಟಕಿ ಎಡಕ್ಕೆ. ಬಸ್ ಸ್ಟಾಪಿನ ಬೆಂಚು ನೆನಪಾಯಿತು. ಅಂದು ತಾನು ಕೂತದ್ದು ಅವನ ಎಡಕ್ಕೆ. ದಾರಿಯಲ್ಲಿ ಅವನು ಸುತ್ತಿ ಬಂದು ತನ್ನನ್ನು ಯಾವಾಗಲೂ ಹಾಕಿಕೊಳ್ಳುತ್ತಿದ್ದದ್ದು ಬಲಕ್ಕೆ. ಕೂರುತ್ತಿದ್ದದ್ದು ಎಡಕ್ಕೆ ಗೋಡೆ ಇರುವ ಕಿಟಕಿ ಮೂಲೆ. ತುಟಿಯ ಮೇಲಿನ ಆ ನೋಟ.

ಮತ್ತು ಮೊದಲ ದಿನ ಆ ಮೇಜು. ಬಾಗಿಲ ಮೂಲೆಯಲ್ಲಿ ನಿಂತಿದ್ದರೆ ತರಗತಿಯೆಲ್ಲ ಅವನ ಬಲಕ್ಕೇ ಇರುತ್ತಿತ್ತು. ನಡುವೆ ತಳ್ಳಿಸಿದವಳು ತಾನು.

ಅವಳು ಬೆಂಚಿನ ಮೇಲೆ ಕೂತಳು. ಅಳು ಬರುವ ಹಾಗಾಯಿತು, ನಗುವೂ ಬಂತು. ಎರಡನ್ನೂ ತಡೆದು ಭೂತಗನ್ನಡಿ ಎದ್ದಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದಿದ್ದಾರೆ ಹಿರಿಯರು.

ಬೋರ್ಡನ್ನು ಒರೆಸಿ ಲ್ಯಾಬಿಗೆ ಹೋದಳು. ಅವನು ಬಾಗಿಲಿಗೆ ಬೆನ್ನು ಹಾಕಿ ಗಾಜಿನ ಬೀರುವಿನ ಮುಂದೆ ನಿಂತು ಬಟ್ಟೆಯಿಂದ ಗಾಜು ಒರೆಸುತ್ತಿದ್ದ. ಸಭೆಗೆಂದು ಬಿಳಿ ಶರ್ಟು ಹಾಕಿದ್ದ. ಕಾಲರು ಓರೆಯಾಗಿತ್ತು, ಮೇಲಿನ ಗುಂಡಿ ಕೆಳಗಿನ ತೂತಿಗೆ ಸೇರಿರಬೇಕು. ಅವಳು ಮೆಲ್ಲಗೆ ಹೋಗಿ ಅವನ ಎಡಕ್ಕೆ, ಒಂದು ಹೆಜ್ಜೆ ಹಿಂದೆ ನಿಂತಳು.

"ಶರ್ಟಿನ ಗುಂಡಿ ತಪ್ಪಾಗಿ ಹಾಕಿದ್ದೀರಿ," ಎಂದಳು ಸಣ್ಣಗೆ.

ಕೈ ಗಾಜು ಒರೆಸುತ್ತಲೇ ಇತ್ತು. ಕತ್ತೂ ಅಲುಗಲಿಲ್ಲ.

ಕೇಳಿಸದ ಕಿವಿಗೆ ಏನು ಹೇಳಿದರೂ ನಡೆಯುತ್ತದೆ ಎಂಬ ಧೈರ್ಯ ಒಮ್ಮೆಗೇ ಬಂದುಬಿಟ್ಟಿತು. "ಅವತ್ತು ನಿಮ್ಮನ್ನ ಕಾಫಿಗೆ ಕರೆದಿದ್ದೆ," ಎಂದಳು ಇನ್ನೂ ಸಣ್ಣಗೆ. "ನೀವಂದ್ರೆ ನನಗಿಷ್ಟ. ತುಂಬಾ."

ಅವನು ಬಟ್ಟೆ ಮಡಚಿ ಇನ್ನೊಂದು ಗಾಜಿಗೆ ಸರಿದ. ಅವಳು ಬಂದ ಹಾಗೇ ಹೊರಗೆ ಹೋದಳು. ಈಗ ಖಚಿತವಾಗಿತ್ತು.

ಆದರೆ ಖಚಿತ ಎನ್ನುವುದು ಅವಳ ಜಾತಕದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಸಭೆ ಡ್ರಾಯಿಂಗ್ ಹಾಲ್‌ನಲ್ಲೇ ಸೇರಿತು. ಮಂಡಳಿಯ ಕಾರ್ಯದರ್ಶಿ ಮೇಜಿನ ಹಿಂದೆ. ಪೋಷಕರು ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿ ಕೂತಿದ್ದರು. ಅಪ್ಪಂದಿರು ಒಂದು ಕಡೆ ಅಮ್ಮಂದಿರು ಒಂದು ಕಡೆ, ಯಾರೂ ಹೇಳದೆಯೇ. ಮೇಜಿನ ಪಕ್ಕದಲ್ಲಿ ಕುರ್ಚಿಗಳನ್ನು ಹಾಕಿದ್ದರು: ಮೇಷ್ಟ್ರು, ದೊಡ್ಡ ಮೇಡಂ, ಅವಳು.

ಅವನು ಬಂದು ಕೂತ. ಅವಳು ಅವನನ್ನು ನೋಡಿದಳು. ಮೇಲಿನ ಗುಂಡಿ ಈಗ ಸರಿಯಾದ ತೂತಿನಲ್ಲಿತ್ತು.

ಕೇಳಿಸಿತ್ತೆ? ಹಾಗಾದರೆ ಎರಡನೆಯದೂ ಕೇಳಿಸಿತೆ? ಕೇಳಿಸಿಯೂ ಗಾಜು ಒರೆಸುತ್ತಿದ್ದನೆ? ಕಿವಿ ಸರಿಯಿದ್ದರೆ ಬಸ್ ಸ್ಟಾಪಿನ ಮಾತು, ಗುಬ್ಬಿಯ ಪೆನ್ಸಿಲ್ಲು, ಎಲ್ಲ ಬೇಕೆಂದೇ ಮಾಡಿದ್ದು. ಬೋರ್ಡಿನ ಮೇಲೆ ಬರೆದ ಆ ಲೆಕ್ಕ ಅವನನ್ನು ಕಾಪಾಡಲು ತನ್ನ ಮನಸ್ಸೇ ಹೂಡಿದ ಆಟವೆ? ಅವನು ಅವಳ ಕಡೆ ತಿರುಗಿ ಸಣ್ಣಗೆ ನಕ್ಕ. ಆ ನಗುವಿಗೆ ಏನರ್ಥ ಎಂದು ತಿಳಿಯದೆ ಅವಳು ಮುಖ ತಿರುಗಿಸಿದಳು.

"ಗಣಿತದ ಮೇಡಂ, ನೀವು ಕಂಡದ್ದು ಹೇಳಿ," ಎಂದರು ಕಾರ್ಯದರ್ಶಿ.

ದೊಡ್ಡ ಮೇಡಂ ಮೊಣಕೈಯಿಂದ ತಿವಿದರು. ಅವಳು ಎದ್ದಳು. ಮಾತು ಸಿದ್ಧವಿತ್ತು, ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಅಪ್ಪಂದಿರ ಕಡೆಯಿಂದ ಗುಬ್ಬಿಯ ಅಪ್ಪ ತಾನೇ ಎದ್ದುಬಿಟ್ಟರು.

"ಅವರನ್ನ ಯಾಕೆ ಕೇಳ್ತೀರಿ, ನನ್ನ ಮಗಳೇ ಹೇಳಿದಾಳೆ. ಸರ್, ನೀವು ಹುಡುಗಿಯರು ಉತ್ತರ ಹೇಳಿದ್ರೆ ಕೇಳಿಸ್ಕೊಳ್ಳೋದೇ ಇಲ್ವಂತೆ. ಹೌದೋ ಅಲ್ವೋ?"

ಎಲ್ಲರ ಕಣ್ಣು ಮೇಷ್ಟ್ರ ಮೇಲೆ. ಅವನು ಕಾರ್ಯದರ್ಶಿಯ ಮುಖವನ್ನೇ ನೋಡುತ್ತ, ಅವಳು ಮಾತು ಶುರು ಮಾಡಲಿ ಎಂದು ಕಾಯುವವನಂತೆ ಕೂತಿದ್ದ.

"ನೋಡಿ, ಉತ್ತರ ಇದೆಯಾ?" ಎಂದರು ಗುಬ್ಬಿಯ ಅಪ್ಪ. ಅಮ್ಮಂದಿರ ಕಡೆ ಗುಸುಗುಸು. ದೊಡ್ಡ ಮೇಡಂ ಕುರ್ಚಿಯಲ್ಲಿ ನೆಟ್ಟಗಾದರು.

ಅವಳು ಕೋಣೆಯನ್ನು ನೋಡಿದಳು. ಅಪ್ಪಂದಿರು ಕೂತದ್ದು ಬಾಗಿಲ ಕಡೆ. ಅವನ ಎಡಕ್ಕೆ.

ಗುಂಡಿ ಸರಿಯಾಗಿತ್ತು, ನಿಜ. ಅದಕ್ಕೆ ಅವಳ ಬಳಿ ಉತ್ತರವಿರಲಿಲ್ಲ. ಸುಮ್ಮನಿದ್ದರೆ ಗೆದ್ದಂತೆ, ಏನೂ ಹೇಳಬೇಕಾಗಿಲ್ಲ, ಅವನ ಮೌನವೇ ಅವನನ್ನು ಮುಗಿಸುತ್ತದೆ. ಉತ್ತರ ಹೇಳಲಾಗದೆ ನಿಂತವರನ್ನು ನೋಡಿ ನಗುವ ಕೋಣೆ ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಭೂತಗನ್ನಡಿ ಪ್ರಮಾಣ ಕೇಳದೆ ನಂಬಿತು. ಮೇಜು ಬಳಸಿ ನಡೆದು ಅವನ ಬಲಕ್ಕೆ ಹೋಗಿ ನಿಂತಳು.

"ಸರ್," ಎಂದಳು ಮೆತ್ತಗೆ. "ಬಾಗಿಲ ಕಡೆಯಿಂದ ಗುಬ್ಬಿಯ ಅಪ್ಪ ಕೇಳ್ತಿದ್ದಾರೆ. ನೀವು ಹುಡುಗಿಯರ ಉತ್ತರ ಕೇಳಿಸ್ಕೊಳ್ಳಲ್ವಂತೆ, ಹೌದಾ ಅಂತ."

ಅವನು ತಲೆಯೆತ್ತಿದ. ಮೊದಲು ಅವಳ ಮುಖ, ಆಮೇಲೆ ನಿಂತಿದ್ದ ಆ ಅಪ್ಪ, ಮತ್ತೆ ಅವಳು ನಿಂತ ಜಾಗ. ಅವಳಿಗೆ ಗೊತ್ತಾಗಿದೆ ಎಂದು ಅವನಿಗೆ ಗೊತ್ತಾಯಿತು. ಮುಖ ಬಿಳುಚಿಕೊಂಡಿತು. ಎದ್ದು ನಿಂತ.

"ಹೌದು," ಎಂದ. "ಕೇಳಿಸ್ಕೊಂಡಿಲ್ಲ. ನನಗೆ ಎಡಗಿವಿ ಕೇಳಿಸಲ್ಲ. ಬಲಗಿವಿಗೂ ಆ ಕಡೆಯಿಂದ ಬಂದದ್ದು ಮಾತ್ರ ಸರಿಯಾಗಿ ಕೇಳಿಸೋದು. ಚಿಕ್ಕಂದಿನಿಂದ."

ಕಾರ್ಯದರ್ಶಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಹಿಂದೆ ಒಂದು ಶಾಲೆಯಲ್ಲಿ ಹೇಳಿದ್ದೆ. ಕೆಲಸ ಹೋಯ್ತು. ಅದಕ್ಕೆ ಇಲ್ಲಿ ಹೇಳಲಿಲ್ಲ. ಆಚೆ ಹುಡುಗರು ಕೂಗ್ತಾರೆ, ಹೇಗೋ ನಡೀತಿತ್ತು. ಇಲ್ಲಿನ ಮಕ್ಕಳು ಮೆಲ್ಲಗೆ ಮಾತಾಡೋರು. ನಾನು ಅವರು ಮಾತಾಡ್ತಾನೇ ಇಲ್ಲ ಅನ್ಕೊಂಡಿದ್ದೆ. ಪೆನ್ಸಿಲ್ ಎತ್ತೋದಕ್ಕೆ ಅರ್ಥ ಇದೆ ಅಂತಾನೂ ಗೊತ್ತಿರಲಿಲ್ಲ. ಕೇಳಬೇಕಿತ್ತು. ನಿಮ್ಮ ಮಗಳ ಹತ್ರ ನಾನೇ ಕ್ಷಮೆ ಕೇಳ್ತೀನಿ."

ಗುಬ್ಬಿಯ ಅಪ್ಪ ಕೂರಲೋ ನಿಲ್ಲಲೋ ಎಂದು ತಿಳಿಯದೆ ಪಕ್ಕದವರ ಮುಖ ನೋಡಿದರು. ಗಣಿತದ ಮೇಡಂ ಗಂಟಲು ಸರಿಮಾಡಿಕೊಂಡಳು.

"ಈಗ ನಾನು ಕಂಡದ್ದು ಹೇಳ್ತೀನಿ. ಈ ಮೇಜು ಬಾಗಿಲ ಕಡೆ ಇರಲಿ ಅಂತ ಅವರು ಮೊದಲ ದಿನವೇ ಕೇಳಿದ್ರು. ಬೇಡ ಅಂದೋಳು ನಾನು. ಹುಡುಗಿಯರನ್ನೆಲ್ಲ ಒಂದೇ ಕಡೆ ಕೂರಿಸಿದ್ದು ನಮ್ಮ ಶಾಲೆ. ಮಕ್ಕಳನ್ನ ಒಂದು ಕೋಣೆಗೆ ತಂದು, ನಡುವೆ ಇನ್ನೊಂದು ಗೋಡೆ ಬಿಟ್ಟು, ಕೂಡಿ ಓದಿಸ್ತಿದ್ದೀವಿ ಅಂದ್ವಿ. ಕೂಡಿಸೋದು ಒಳ್ಳೇದೋ ಬೇರೆ ಇಡೋದು ಒಳ್ಳೇದೋ, ನನಗೆ ಈಗಲೂ ಗೊತ್ತಿಲ್ಲ. ಕೂಗೋ ಮಕ್ಕಳ ನಡುವೆ ಮೆಲ್ಲಗೆ ಮಾತಾಡೋರು ಮುಳುಗಿಹೋಗ್ತಾರೆ ಅನ್ನೋ ಭಯ ನನಗೆ ಇನ್ನೂ ಇದೆ. ಇನ್ನೊಂದು ಟರ್ಮ್ ಕೊಡಿ. ಎಲ್ಲರೂ ಕಲೆತು ಕೂರಲಿ, ಎಲ್ಲರೂ ಪೆನ್ಸಿಲ್ ಎತ್ತಲಿ. ಇವರೇ ಪಾಠ ಮಾಡಲಿ. ಆಮೇಲೆ ನನ್ನ ಕೇಳಿ."

ದೊಡ್ಡ ಮೇಡಂ ಅವಳ ಕಡೆ ನೋಡಿದ ನೋಟಕ್ಕೆ ಹಸಿ ಸೌದೆಯೂ ಹೊತ್ತಿಕೊಳ್ಳುತ್ತಿತ್ತು. ಆದರೆ ಅಮ್ಮಂದಿರ ಕಡೆಯಿಂದ ಒಬ್ಬರು, "ಕಿವಿ ಕೇಳಿಸದೇ ಇರೋದು ತಪ್ಪಲ್ಲ, ಪಾಠ ಚೆನ್ನಾಗಿ ಮಾಡ್ತಾರಂತೆ," ಎಂದರು. ಏಣಿಯ ಅಮ್ಮ, "ನನ್ನ ಮಗನೂ ಸ್ವಲ್ಪ ಸುಮ್ಮನಿರೋದು ಕಲೀಲಿ," ಎಂದಾಗ ಎಲ್ಲರೂ ನಕ್ಕರು. ಕಾರ್ಯದರ್ಶಿ ವಾಚು ನೋಡಿಕೊಂಡು, ಇನ್ನೊಂದು ಟರ್ಮ್ ಇದೇ ಮೇಷ್ಟ್ರು, ಇದೇ ಮೇಡಂ ಮುಂದುವರಿಯಲಿ ಎಂದು ಸಭೆ ಮುಗಿಸಿದರು. 'ನೋಡೋಣ' ಎಂದೂ ಸೇರಿಸಿದರು.

ಎಲ್ಲರೂ ಹೋದರು. ಅವಳು ಕುರ್ಚಿಗಳನ್ನು ಎತ್ತಿಡುವ ನೆಪದಲ್ಲಿ ಉಳಿದಳು. ಅವನು ಸಹಾಯದ ನೆಪದಲ್ಲಿ.

"ಹೇಗೆ ಗೊತ್ತಾಯ್ತು?" ಎಂದ.

"ಚಿತ್ರ ಬರೆದೆ."

"ಗುಟ್ಟನ್ನ ನೀವು ಹೇಳಬಹುದಿತ್ತು. ಹೇಳಲಿಲ್ಲ. ನನಗೇ ಬಿಟ್ರಿ."

"ಈಗ ನನ್ನ ಪ್ರಶ್ನೆ." ಅವಳು ಸೊಂಟದ ಮೇಲೆ ಕೈ ಇಟ್ಟಳು. "ಶರ್ಟಿನ ಗುಂಡಿ ಯಾರು ಸರಿ ಮಾಡಿದ್ದು?"

ಅವನು ನೆಲ ನೋಡಿದ. ಕಿವಿಯ ತುದಿ ಕೆಂಪಾಯಿತು. ಕೇಳಿಸದ್ದೂ, ಕೇಳಿಸುವುದೂ, ಎರಡೂ. "ಬೀರು ಗಾಜಿಂದು ಮೇಡಂ. ಒರೆಸ್ತಾ ಇದ್ದೆ. ಅದರಲ್ಲಿ ನಿಮ್ಮ ಮುಖ ಕಾಣ್ತಿತ್ತು. ಒಂದು ಕಿವಿ ಇಲ್ಲದೋನು ಚಿಕ್ಕಂದಿನಿಂದ ಎಲ್ಲರ ತುಟಿ ನೋಡ್ಕೊಂಡೇ ಬದುಕಿರ್ತಾನೆ. ತರಗತಿಯಲ್ಲಿ ಅಷ್ಟು ತುಟಿ ಒಟ್ಟಿಗೆ ಸಿಗಲ್ಲ, ಒಬ್ಬರದಾದ್ರೆ ಸಿಗುತ್ತೆ."

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. "ಹಾಗಾದ್ರೆ... ಎಲ್ಲಾನೂ?"

"ಗುಂಡಿ ಅಂದಿದ್ದು ಸ್ಪಷ್ಟವಾಗಿ ಗೊತ್ತಾಯ್ತು. ಆಮೇಲೆ ಹೇಳಿದ್ರಲ್ಲ, ಅದರ ಮೇಲೆ ಸ್ವಲ್ಪ ಅನುಮಾನ ಇದೆ. ನನಗೆ ಬೇಕಾದ್ದನ್ನೇ ಓದಿಕೊಂಡ್ನೇನೋ ಅಂತ. ತಿರುಗಿ ನೋಡೋಕೆ ಧೈರ್ಯ ಬರಲಿಲ್ಲ."

"ಅನುಮಾನ?" ಎಂದಳು. ನಗು ತುಟಿಯ ತನಕ ಬಂದಿತ್ತು. "ನಿಮಗೂ?"

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ."

ಅವಳು ಸುತ್ತಿ ಬಂದಳು, ಅವನು ಬೀದಿಯಲ್ಲಿ ಸುತ್ತಿ ಬರುತ್ತಿದ್ದ ಹಾಗೆಯೇ. ಅವನ ಬಲಕ್ಕೆ ನಿಂತು, ಹಿಮ್ಮಡಿ ಎತ್ತಿ, ಕಿವಿಯ ಹತ್ತಿರ ಹೋಗಿ ಮತ್ತೊಮ್ಮೆ ಹೇಳಿದಳು. ಕಾಫಿಯಿಂದ ಶುರು ಮಾಡಿ 'ತುಂಬಾ' ಎನ್ನುವ ತನಕ, ಒಂದಕ್ಷರ ಬಿಡದೆ.

ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡ. ತುಟಿ ನೋಡಲಿಲ್ಲ.

"ನನಗೂ," ಎಂದ. "ಮೇಜು ವಾಪಸ್ಸು ತಳ್ಳಿಸಿದ ದಿನದಿಂದ."

ಅವಳು ಮೇಜಿನ ಒಂದು ತುದಿ ಹಿಡಿದಳು. "ಬನ್ನಿ, ಆ ಕಡೆ ಹಿಡ್ಕೊಳ್ಳಿ."

"ಬಾಗಿಲಿಗೆ ಅಡ್ಡ ಆಗುತ್ತೆ ಮೇಡಂ."

"ಆಗಲಿ," ಎಂದಳು. ಇಬ್ಬರೂ ಸೇರಿ ಮೇಜನ್ನು ಬಾಗಿಲ ಮೂಲೆಗೆ ಎಳೆದರು.